ಹೆಸರು ಹಿಡಿದು ಕರೆಯಬೇಡಿ

ಈ ಅಂಕಣದಲ್ಲಿ ಬರುವ ನಾಯಿಗೆ ಒಂದು ಹೆಸರಿದೆ. ಅದನ್ನು ಬರೆಯಬಾರದೆಂದು ಅದರ ಯಜಮಾನರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಡಿಕೇರಿಯಂಥ ಚಿಕ್ಕ ಊರಿನಲ್ಲಿ ಹೆಸರು ಒಮ್ಮೆ ತಿಳಿದರೆ ಮಾರುಕಟ್ಟೆಯಿಂದ ಬಸ್ ನಿಲ್ದಾಣದವರೆಗೆ ಹತ್ತು ಜನ ಪ್ರೀತಿಯಿಂದಲೇ ಕೂಗುತ್ತಾರೆ. ಕೂಗಿದ ಕಡೆಗೆ ನಾಯಿ ಅರೆಕ್ಷಣ ತಲೆ ತಿರುಗಿಸುತ್ತದೆ. ಆ ಅರೆಕ್ಷಣದಲ್ಲಿ ಚಪ್ಪಡಿ ಕಳಚಿದ ಚರಂಡಿಯೊಂದು ಯಜಮಾನರ ಕಾಲಡಿಗೆ ಬಂದಿರುತ್ತದೆ.

ಅವರು ಕಾಫಿ ಬೆಳೆಗಾರರು. ಹೊರದೇಶದಲ್ಲಿ ಇಂಜಿನಿಯರ್ ಆಗಿ ದುಡಿಯುತ್ತಿದ್ದಾಗ ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡು, ಅಲ್ಲಿಯೇ ತರಬೇತಿ ಪಡೆದ ಕಪ್ಪು ಲ್ಯಾಬ್ರಡಾರ್ ಹೆಣ್ಣುನಾಯಿಯೊಂದಿಗೆ ತಂದೆಯ ತೋಟಕ್ಕೆ ಮರಳಿದವರು. ಪಶುವೈದ್ಯನಾಗಿ ಕೊಡಗಿನಲ್ಲಿ ನನ್ನ ದಿನಗಳು ಹೆಚ್ಚಾಗಿ ಹಸು, ಹಂದಿ ಮತ್ತು ತೋಟ ಕಾಯುವ ನಾಯಿಗಳ ನಡುವೆ ಕಳೆಯುತ್ತವೆ. ಮಾರ್ಗದರ್ಶಿ ನಾಯಿಯೊಂದು ನನ್ನ ಬಾಗಿಲಿಗೆ ಬಂದಾಗ ಅದರ ಬಗ್ಗೆ ನನಗಿದ್ದ ತಿಳಿವಳಿಕೆ ಊರಿನವರಿಗಿದ್ದಷ್ಟೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಊರಿನವರ ತಿಳಿವಳಿಕೆಯೆಂದರೆ, ನಾಯಿ ಅವರನ್ನು ಬ್ಯಾಂಕಿಗೆ ಕರೆದೊಯ್ಯುತ್ತದೆ ಎಂಬುದು. ನಾಯಿಗೆ ಬ್ಯಾಂಕ್ ಎಲ್ಲಿದೆಯೆಂಬ ಚಿಂತೆಯೇ ಇಲ್ಲ. ದಾರಿ ಇರುವುದು ಯಜಮಾನರ ತಲೆಯಲ್ಲಿ. ಎಷ್ಟನೆಯ ತಿರುವು, ಯಾವ ಇಳಿಜಾರಿನ ನಂತರ ಯಾವ ಬೇಕರಿಯ ವಾಸನೆ ಎಂಬ ಲೆಕ್ಕವನ್ನು ಇಟ್ಟುಕೊಂಡು ‘ಎಡಕ್ಕೆ’, ‘ಮುಂದೆ’ ಎಂದು ಹೇಳುವವರು ಅವರು. ಆ ದಾರಿಯಲ್ಲಿ ಅಡ್ಡ ನಿಂತ ಬೈಕು, ತಲೆಗೆ ತಾಗುವ ತಗಡಿನ ಮಾಡು, ಮೆಟ್ಟಿಲಿನ ಅಂಚು, ಇವುಗಳಿಂದ ಅವರನ್ನು ತಪ್ಪಿಸುವುದು ನಾಯಿಯ ಪಾಲು. ರಸ್ತೆ ದಾಟುವ ಹೊತ್ತನ್ನು ನಿರ್ಧರಿಸುವವರೂ ಅವರೇ, ಕಿವಿಯಿಂದ. ನಾಯಿಯ ಕಣ್ಣು ನೀಲಿ ಮತ್ತು ಹಳದಿಯನ್ನು ಬೇರ್ಪಡಿಸಬಲ್ಲದೇ ಹೊರತು ಕೆಂಪು ಹಸಿರಿನ ವ್ಯತ್ಯಾಸವನ್ನು ನಮ್ಮಂತೆ ಕಾಣದು. ಸಿಗ್ನಲ್ ದೀಪ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಅವರು ‘ಮುಂದೆ’ ಎಂದಾಗ ಸದ್ದಿಲ್ಲದೆ ಕಾರೊಂದು ಬರುತ್ತಿದ್ದರೆ ನಾಯಿ ಆಜ್ಞೆಯನ್ನು ಮೀರಿ ನಿಲ್ಲಬೇಕು. ಕಲಿಸಲು ಅತ್ಯಂತ ಕಷ್ಟವಾದ ಪಾಠ ಈ ಅವಿಧೇಯತೆಯೇ.

ದುಡಿಯುವ ನಾಯಿ ಕೊಡಗಿಗೆ ಹೊಸದಲ್ಲ. ಬೇಟೆಯ ಕಾಲದಲ್ಲಿ ನಾಯಿಯಿಲ್ಲದೆ ಯಾರೂ ಕಾಡಿಗೆ ಇಳಿಯುತ್ತಿರಲಿಲ್ಲ. ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳನ್ನು ಇಂದಿಗೂ ಕಾಣಬಹುದು. ಆದರೆ ಬೇಟೆನಾಯಿಯಲ್ಲಿ ನಾವು ಮೆಚ್ಚುವ ಗುಣವೇ, ಅಂದರೆ ವಾಸನೆ ಸಿಕ್ಕೊಡನೆ ಯಜಮಾನನನ್ನು ಬಿಟ್ಟು ಮುನ್ನುಗ್ಗುವುದು, ಇಲ್ಲಿ ದೊಡ್ಡ ದೋಷ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ಆರಂಭವಾಯಿತು. ಅಮೆರಿಕದ ಶಾಲೆ 1929ರಲ್ಲಿ ಬಂತು. ಅಂದಿನಿಂದ ಶಾಲೆಗಳು ಹುಡುಕುತ್ತಿರುವುದು ಚುರುಕಿಗಿಂತ ಹೆಚ್ಚಾಗಿ ಸಮಾಧಾನದ ಸ್ವಭಾವವನ್ನು.

ಮೊದಲ ಭೇಟಿಯಲ್ಲಿ ನಾನು ಅಭ್ಯಾಸಬಲದಿಂದ, ‘ಒಸಡು ಬಿಳುಚಿಕೊಂಡರೆ ತಕ್ಷಣ ಕರೆತನ್ನಿ’ ಎಂದೆ. ಅವರು ನಕ್ಕು, ‘ಡಾಕ್ಟ್ರೇ, ಬಿಳುಪಿಗೆ ವಾಸನೆ ಇರುತ್ತದೆಯೇ?’ ಎಂದು ಕೇಳಿದರು. ನನ್ನ ವೃತ್ತಿಯ ಸೂಚನೆಗಳೆಲ್ಲ ಕಣ್ಣಿನ ಭಾಷೆಯಲ್ಲಿವೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಆ ಸಂಜೆ ಕುಳಿತು ಅವೆಲ್ಲವನ್ನೂ ಬೆರಳು, ಮೂಗು, ಕಿವಿಗಳಿಗೆ ಒಗ್ಗುವಂತೆ ತಿದ್ದಬೇಕಾಯಿತು.

ತೂಕದ ವಿಷಯವನ್ನು ಕೈಯೇ ಹೇಳುತ್ತದೆ. ಮುಷ್ಟಿ ಬಿಗಿದಾಗ ಗೆಣ್ಣುಗಳು ಹೇಗೆ ಎದ್ದು ತಗುಲುತ್ತವೆಯೋ ಹಾಗೆ ಪಕ್ಕೆಲುಬು ತಗುಲಿದರೆ ನಾಯಿ ಸೊರಗಿದೆ; ಚಾಚಿದ ಕೈಯ ಮೇಲ್ಭಾಗದ ಎಲುಬುಗಳಂತೆ ತಗುಲಿದರೆ ಸರಿಯಾಗಿದೆ; ಅಂಗೈಯನ್ನು ತಡವಿದಂತೆ ಮೆತ್ತಗಿದ್ದರೆ ಊಟ ಕಡಿಮೆ ಮಾಡಬೇಕು. ನಾಯಿ ನಿದ್ರಿಸುವಾಗ ಪಕ್ಕೆಯ ಮೇಲೆ ಕೈಯಿಟ್ಟು ಅವರು ಉಸಿರನ್ನು ಎಣಿಸುತ್ತಾರೆ, ನಿಮಿಷಕ್ಕೆ 30 ದಾಟಿದರೆ ನನಗೆ ಫೋನ್ ಬರುತ್ತದೆ. ಅವರ ಬಳಿ ಮಾತನಾಡುವ ಥರ್ಮಾಮೀಟರ್ ಇದೆ. ನಾಯಿಯ ಸಹಜ ಉಷ್ಣತೆ ಮನುಷ್ಯರಿಗಿಂತ ಹೆಚ್ಚು ಇರುವುದರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ದಾಟುವವರೆಗೆ ಗಾಬರಿಯಾಗುವ ಅಗತ್ಯವಿಲ್ಲ. ನಾಯಿ ನಿಗದಿತ ಹೊತ್ತಿಗೆ, ಹಾರ್ನೆಸ್ (ಯಜಮಾನರು ಹಿಡಿಯುವ ಹಿಡಿಕೆಯಿರುವ ಮೈಪಟ್ಟಿ) ಕಳಚಿದ ಮೇಲೆ, ಆಜ್ಞೆಯಂತೆ ಮಲವಿಸರ್ಜನೆ ಮಾಡುತ್ತದೆ; ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಕೈತೂರಿಸಿ ಎತ್ತುವಾಗಲೇ ಗಟ್ಟಿಯೋ ಸಡಿಲವೋ ತಿಳಿಯುತ್ತದೆ. ಕಣ್ಣಿದ್ದ ಎಷ್ಟು ಜನ ನಾಯಿ ಸಾಕುವವರು ಇದನ್ನು ಗಮನಿಸುತ್ತಾರೆಂದು ನಾನು ಯೋಚಿಸಿದ್ದುಂಟು. ಔಷಧಿಯ ಬಾಟಲಿಗಳಲ್ಲಿ ಕಿವಿಯದಕ್ಕೆ ಒಂದು ರಬ್ಬರ್ ಬ್ಯಾಂಡ್, ಚರ್ಮದ್ದಕ್ಕೆ ಎರಡು.

ಇದರಿಂದ ನನ್ನ ಔಷಧಿಯ ಆಯ್ಕೆಯೂ ಬದಲಾಯಿತು. ಉಣ್ಣಿಗಳಿಗೆ ಬೆನ್ನಿನ ಮೇಲೆ ಹನಿಸುವ ಎಣ್ಣೆ ಬೇರೆ ನಾಯಿಗಳಿಗೆ ಸಾಕು. ಇಲ್ಲಿ ಅದೇ ಜಾಗದಲ್ಲಿ ಹಾರ್ನೆಸ್ಸಿನ ಪಟ್ಟಿ ಉಜ್ಜುತ್ತದೆ, ಅಲ್ಲಿಯೇ ಅವರ ಕೈ ದಿನವಿಡೀ ಓಡಾಡುತ್ತದೆ, ಆದ್ದರಿಂದ ನುಂಗುವ ಗುಳಿಗೆಯನ್ನೇ ಕೊಡುತ್ತೇನೆ. ತುರಿಕೆಗೆ ಸಾಮಾನ್ಯವಾಗಿ ಬರೆಯುವ ಕೆಲವು ಗುಳಿಗೆಗಳು ತೂಕಡಿಕೆ ತರುತ್ತವೆ; ತೂಕಡಿಸುವ ನಾಯಿಯನ್ನು ನಂಬಿ ರಸ್ತೆಗಿಳಿಯುವಂತಿಲ್ಲ. ಕಿವಿಯ ಸೋಂಕಿಗೆ ಜೆಂಟಾಮೈಸಿನ್ ಇರುವ ಹನಿಮದ್ದನ್ನು ಹಾಕುವ ಮೊದಲು ಕಿವಿಪೊರೆ ಹರಿದಿಲ್ಲವೆಂದು ನೋಡಲೇಬೇಕು, ಏಕೆಂದರೆ ಒಳಕಿವಿಗೆ ಇಳಿದರೆ ಅದು ಶ್ರವಣವನ್ನೇ ಕೆಡಿಸಬಲ್ಲದು.

ಮಳೆಗಾಲದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ. ಲ್ಯಾಬ್ರಡಾರ್‌ನ ಜೋಲುಕಿವಿಯೊಳಗೆ ತೇವ ನಿಂತು ಬೂಸುಸೋಂಕು ಬರುತ್ತದೆ. ಹುಳಿವಾಸನೆ ಮೂಗಿಗೆ ಬಡಿದೊಡನೆ ಅವರು ಹೇಳುತ್ತಾರೆ, ಕಣ್ಣಿಗೆ ಕಾಣುವ ಮುಂಚೆಯೇ. ಕಾಲ್ಬೆರಳ ಸಂದಿಗಳನ್ನು ದಿನಕ್ಕೆರಡು ಬಾರಿ ಒರೆಸಬೇಕು. ತೋಟದಲ್ಲಿ ಶಿಲೀಂಧ್ರನಾಶಕ ಬೋರ್ಡೋ ದ್ರಾವಣ ಸಿಂಪಡಿಸಿದ ವಾರ ಪಾದ ತೊಳೆಯದೆ ಒಳಗೆ ಬಿಡುವಂತಿಲ್ಲ, ಅದರಲ್ಲಿರುವ ಮೈಲುತುತ್ತವನ್ನು ನಾಯಿ ನೆಕ್ಕಬಾರದು. ಗದ್ದೆನೀರಿನಲ್ಲಿ ಇಲಿಯ ಮೂತ್ರ ಬೆರೆತು ಹರಡುವ ಇಲಿಜ್ವರಕ್ಕೆ ಪ್ರತಿವರ್ಷ ಲಸಿಕೆ ಕೊಡುತ್ತೇನೆ. ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಒಮ್ಮೆ ಆಗಸ್ಟ್‌ನಲ್ಲಿ ನಾಯಿ ಎರಡು ದಿನದಿಂದ ಸೀನುತ್ತಿದೆ, ಸೀನಿದಾಗ ತಮ್ಮ ಕೈಗೆ ಅಂಟಂಟಾದ ಹನಿ ಬೀಳುತ್ತಿದೆ, ಅದಕ್ಕೆ ಕಬ್ಬಿಣದ ವಾಸನೆಯಿದೆ ಎಂದರು. ರಕ್ತವೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ಎಡಹೊಳ್ಳೆಯಿಂದ ಮಾತ್ರವೇ ಎಂದು ಕೇಳಿದ್ದಕ್ಕೆ, ಬೆರಳಿಟ್ಟು ನೋಡಿ ಹೌದೆಂದರು. ಉಣ್ಣಿ ಕಚ್ಚಿ ಬರುವ ಜ್ವರದಲ್ಲಿಯೂ ಮೂಗಿನಿಂದ ರಕ್ತ ಬರುವುದರಿಂದ ರಕ್ತಪರೀಕ್ಷೆಯನ್ನು ಬಿಡಲಿಲ್ಲ. ಆದರೆ ಒಂದೇ ಹೊಳ್ಳೆ, ಜೊತೆಗೆ ಸೀನು ಎಂದರೆ ನಮ್ಮಲ್ಲಿ ಮೊದಲು ನೆನಪಾಗಬೇಕಾದದ್ದು ಜಿಗಣೆ. ತೊರೆಯ ನೀರು ಕುಡಿದಾಗ ಒಳಸೇರಿದ್ದ ಅದನ್ನು ಚಿಮಟದಿಂದ ಎಳೆದು ತೆಗೆದೆ. ಅಂದಿನಿಂದ ನಾಯಿಗೆ ಮನೆಯಿಂದಲೇ ನೀರಿನ ಬಾಟಲಿ.

ಮಳೆ ಯಜಮಾನರ ಕಿವಿಯನ್ನೂ ಕಿತ್ತುಕೊಳ್ಳುತ್ತದೆ. ಕೊಡೆಯ ಮೇಲೆ ಮಳೆ ಬಡಿಯುವಾಗ ಹಿಂದಿನಿಂದ ಬರುವ ಜೀಪಿನ ಸದ್ದು ಕೇಳುವುದಿಲ್ಲ, ರೈನ್‌ಕೋಟಿನ ತಲೆಗವಸೂ ಹಾಗೆಯೇ. ಆದ್ದರಿಂದ ಅವರು ಅಗಲ ಅಂಚಿನ ಟೋಪಿ ಹಾಕಿಕೊಂಡು ಹೆಗಲು ನೆನೆಸಿಕೊಳ್ಳುತ್ತಾರೆ. ಮಂಜು ಕವಿದ ದಿನ ಅವರಿಗೇನೂ ವ್ಯತ್ಯಾಸವಿಲ್ಲ, ಚಾಲಕರಿಗಿದೆ. ಅದಕ್ಕಾಗಿ ಹಾರ್ನೆಸ್ಸಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಹೊಲಿಸಿದ್ದಾರೆ.

ಸಿಡಿಸದ್ದಿಗೆ ಬೆದರುವ ನಾಯಿಯನ್ನು ಶಾಲೆಗಳು ಆರಂಭದಲ್ಲೇ ಕೈಬಿಡುತ್ತವೆ. ಆದರೂ ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಹಾರುವ ಗುಂಡಿನ ಸದ್ದನ್ನು ಯಾವ ಶಾಲೆಯೂ ಎಣಿಸಿರಲಾರದು. ಮೊದಲ ವರ್ಷ ನಾಯಿಯನ್ನು ಒಳಕೋಣೆಯಲ್ಲಿ ರೇಡಿಯೋ ಹಾಕಿ ಕೂರಿಸಲು ಹೇಳಿದ್ದೆ. ಈಗಲೂ ಅದೇ ಪದ್ಧತಿ ನಡೆದಿದೆ. ಚಿರತೆಯ ಭಯದಿಂದ ರಾತ್ರಿ ಹೊರಗೆ ಬಿಡುವ ಪ್ರಶ್ನೆಯೇ ಇಲ್ಲ.

ನಿಜವಾದ ತೊಡಕು ಬಿಟ್ಟ ನಾಯಿಗಳದು. ಮಾರ್ಗದರ್ಶಿ ನಾಯಿಗೆ ತಿರುಗಿ ಬೊಗಳುವ ಹಕ್ಕಿಲ್ಲ. ಒಮ್ಮೆ ಕಚ್ಚಿಸಿಕೊಂಡು ಹೆದರಿದರೆ ವರ್ಷಗಳ ತರಬೇತಿ ಒಂದೇ ದಿನದಲ್ಲಿ ಹಾಳಾಗಬಹುದು. ಬೀದಿನಾಯಿಗಳಿಗೆ ಸಂತಾನಹರಣ ಮಾಡಿ ಅವುಗಳನ್ನು ಹಿಡಿದ ಜಾಗಕ್ಕೇ ಬಿಡುವುದು ನಿಯಮವಾದ್ದರಿಂದ ಒಂದು ಮೂಲೆಯ ಗುಂಪು ಹೆಚ್ಚಾಗಿ ಅಲ್ಲಿಯೇ ಇರುತ್ತದೆ, ಮಾಂಸದ ಅಂಗಡಿಗಳ ಬಳಿ ಯಾವ ಹೊತ್ತಿನಲ್ಲಿ ಎಷ್ಟಿರುತ್ತವೆ ಎಂಬುದು ಅವರಿಗೆ ಬಾಯಿಪಾಠವಾಗಿದೆ. ಲೆಕ್ಕಕ್ಕೆ ಸಿಗದವು ತೋಟದ ನಾಯಿಗಳು. ರಾತ್ರಿ ಬಿಟ್ಟವನ್ನು ಬೆಳಗ್ಗೆ ಏಳರೊಳಗೆ ಕಟ್ಟಿಹಾಕಿ ಎಂದು ಅವರ ದಾರಿಯಲ್ಲಿರುವ ಮೂರು ಮನೆಗಳಿಗೆ ನಾನೇ ಹೋಗಿ ಕೇಳಿಕೊಂಡೆ. ಎರಡು ಮನೆಯವರು ಒಪ್ಪಿದರು. ಮೂರನೆಯವರು ಚಹಾ ಕೊಟ್ಟರು.

ನಾಯಿಗೆ ಈಗ ಎಂಟು ವರ್ಷ. ಇಂಥ ನಾಯಿಗಳು ಸಾಮಾನ್ಯವಾಗಿ ಎಂಟರಿಂದ ಹತ್ತು ವರ್ಷದೊಳಗೆ ನಿವೃತ್ತಿಯಾಗುತ್ತವೆ. ಕಳೆದ ಚಳಿಗಾಲದಲ್ಲಿ ಅವರು, ‘ಇಳಿಜಾರಿನಲ್ಲಿ ಹಿಡಿಕೆ ಬಲಕ್ಕೆ ವಾಲುತ್ತಿದೆ’ ಎಂದು ದೂರಿದರು. ನಾನು ಅಂಗಳದಲ್ಲಿ ನಾಯಿಯನ್ನು ನಡೆಸಿ, ಓಡಿಸಿ, ಕೀಲುಗಳನ್ನು ಮಡಚಿ ನೋಡಿ, ಏನೂ ಇಲ್ಲವೆಂದು ಕಳುಹಿಸಿದೆ. ಮೂರು ವಾರದ ನಂತರ ಸಣ್ಣ ಕುಂಟು ಕಾಣಿಸಿತು. ಎಕ್ಸ್‌ರೇಯಲ್ಲಿ ಎಡ ಮೊಣಕೈಕೀಲಿನ ಸಂಧಿವಾತ ಶುರುವಾಗಿತ್ತು. ಇಳಿಯುವಾಗ ಭಾರವೆಲ್ಲ ಮುಂಗಾಲಿಗೆ ಬೀಳುವುದರಿಂದ ನಾಯಿ ಎಡಗಾಲನ್ನು ಉಳಿಸಿಕೊಳ್ಳುತ್ತಿತ್ತು, ನನ್ನ ಕಣ್ಣಿಗೆ ಬೀಳದ್ದು ಆ ಹಿಡಿಕೆಯ ಮೂಲಕ ಅವರ ಅಂಗೈಗೆ ತಲುಪಿತ್ತು.

ಎರಡು ಕಿಲೋ ತೂಕ ಇಳಿಸಿದೆವು, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ ನೋವಿನ ಗುಳಿಗೆ ಆರಂಭಿಸಿದೆವು. ಮಡಿಕೇರಿಯ ಏರಿಳಿತಗಳನ್ನು ಬಿಡಬೇಕೆಂದು ಹೇಳಿದಾಗ ಅವರು ಒಂದು ವಾರ ಸುಮ್ಮನಿದ್ದು, ನಂತರ ತಮ್ಮ ಬ್ಯಾಂಕು, ಔಷಧಿ ಅಂಗಡಿ, ಕ್ಷೌರದಂಗಡಿ ಎಲ್ಲವನ್ನೂ ಸಮತಟ್ಟಾದ ಕುಶಾಲನಗರಕ್ಕೆ ಬದಲಾಯಿಸಿಕೊಂಡರು. ಕಾರಿನಲ್ಲಿ ಅಲ್ಲಿಯವರೆಗೆ ಹೋಗಿ, ಇಳಿದ ಮೇಲೆ ಇಬ್ಬರೂ ನಡೆಯುತ್ತಾರೆ. ಹೊಸ ಊರಿನ ಹೊಸ ದಾರಿಗಳನ್ನು ಎಣಿಸಿ ಕಲಿಯಲು ಅವರಿಗೆ ತಿಂಗಳು ಹಿಡಿಯಿತು. ಅಲ್ಲಿನ ಔಷಧಿ ಅಂಗಡಿಯ ಹುಡುಗ ಮೊದಲ ದಿನವೇ ನಾಯಿಯ ಹೆಸರು ಕೇಳಿದನಂತೆ. ಆ ಹೆಣ್ಣುನಾಯಿಗೆ ‘ಕರಿಯ’ ಎಂಬ ಹೆಸರನ್ನು ಹೇಳಿ ಬಂದಿದ್ದಾರೆ.