ಮೈಸೂರಿನ ಪಾಲುದಾರ, ನೆವಾರ್ಕ್‌ನ ದಾವೆ

“ನಾನು ಅಮೆರಿಕದ ಪ್ರಜೆ ತಾನೇ ಸಾರ್? ನನ್ನಿಂದ ಕಂಪನಿಯ ಕೇಸು ಬೀಳೋದು ಅಂದ್ರೇನು?”

ಮೈಸೂರಿನ ಜಯಲಕ್ಷ್ಮೀಪುರಂನಿಂದ ಬಂದ ಫೋನ್ ಕರೆ ಅದು. ನನ್ನ ಮೇಜಿನ ಮೇಲೆ ನ್ಯೂಜೆರ್ಸಿ ರಾಜ್ಯದ ನೆವಾರ್ಕ್‌ನಲ್ಲಿರುವ ಫೆಡರಲ್, ಅಂದರೆ ಕೇಂದ್ರದ, ಜಿಲ್ಲಾ ಕೋರ್ಟಿನ ಒಂದೂವರೆ ಪುಟದ ಆದೇಶವಿತ್ತು. ಎರಡು ವರ್ಷ ನಡೆದ ದಾವೆ, 11 ಜನರ ಹೇಳಿಕೆ, ರಾಶಿ ರಾಶಿ ಇಮೇಲ್. ಕರಾರು ಮುರಿದವರು ಯಾರು ಎಂಬ ಬಗ್ಗೆ ಆದೇಶದಲ್ಲಿ ಒಂದಕ್ಷರವೂ ಇರಲಿಲ್ಲ. ನ್ಯಾಯಾಧೀಶರು ಕೇಳಿದ್ದು ಇಷ್ಟೇ: ದಾವೆ ಹೂಡಿದ ದಿನ ವಾದಿ ಎಲ್‌ಎಲ್‌ಸಿಯ (ಸದಸ್ಯರ ಹೊಣೆ ಸೀಮಿತವಾಗಿರುವ ಕಂಪನಿ) ನಾಲ್ವರು ಸದಸ್ಯರಲ್ಲಿ ಯಾರ್‍ಯಾರು ಯಾವ ರಾಜ್ಯದ ಪ್ರಜೆಯಾಗಿದ್ದರು? 14 ದಿನದೊಳಗೆ ತಿಳಿಸಿ.

ಎದುರಾಳಿ ಟೆಕ್ಸಸ್‌ನ ಕಂಪನಿ. ನಮ್ಮ ಮೂವರು ನ್ಯೂಜೆರ್ಸಿಯವರು. ನಾಲ್ಕನೆಯವರು ದಾವೆಗೆ ಒಂದು ವರ್ಷ ಮೊದಲೇ ಎಡಿಸನ್‌ನ ಮನೆ ಮಾರಿ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಸಿಗುವ ಓಸಿಐ ಕಾರ್ಡ್ ಹಿಡಿದು ಊರಿಗೆ ಮರಳಿದ್ದರು. ದಾವಾಪತ್ರಕ್ಕೆ ಸಹಿ ಹಾಕಿದ ವಕೀಲರಲ್ಲಿ ನಾನೂ ಒಬ್ಬ. ಎಲ್‌ಎಲ್‌ಸಿ ನ್ಯೂಜೆರ್ಸಿಯಲ್ಲಿ ನೋಂದಣಿಯಾಗಿದೆ, ಕಚೇರಿಯೂ ಅಲ್ಲೇ ಇದೆ ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೆವು. ನ್ಯಾಯವ್ಯಾಪ್ತಿಯ, ಅಂದರೆ ಕೋರ್ಟಿಗೆ ದಾವೆ ಕೇಳುವ ಅಧಿಕಾರ ಇದೆಯೇ ಎಂಬುದರ, ಮಟ್ಟಿಗೆ ಆ ಸಾಲಿಗೆ ಮೂರು ಕಾಸಿನ ಬೆಲೆಯೂ ಇಲ್ಲ. ಆ ತಪ್ಪು ನನ್ನನ್ನು ಇಂದಿಗೂ ಕಾಡುತ್ತದೆ. ಅಮೆರಿಕದಲ್ಲಿ ವ್ಯವಹಾರ ಮಾಡುವ ಕನ್ನಡಿಗರಲ್ಲಿ ಇಂಥ ಪಾಲುದಾರಿಕೆಗಳು ಬೇಕಾದಷ್ಟಿವೆ. ಅವರಿಗೆ ಈ ಗತಿ ಬರದಿರಲಿ ಎಂದು ಬರೆಯುತ್ತಿದ್ದೇನೆ.

ಭಾರತದಲ್ಲಿ ವಕೀಲಿಕೆ ಕಲಿತು ಬಂದವರು ಇಲ್ಲಿ ಮೊದಲು ಬಿಡಬೇಕಾದ ಅಭ್ಯಾಸವೊಂದಿದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮಿನ ಪ್ರಕಾರ, ಕಾನೂನು ತಡೆಯದ ಎಲ್ಲ ಸಿವಿಲ್ ದಾವೆಗಳನ್ನೂ ಸಿವಿಲ್ ಕೋರ್ಟು ವಿಚಾರಿಸಬಹುದು. ಅಲ್ಲಿ ಬಾಗಿಲು ತೆರೆದೇ ಇರುತ್ತದೆ, ಮುಚ್ಚಿದೆ ಎನ್ನುವವನೇ ತೋರಿಸಬೇಕು. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ಇದು ತಿರುಗುಮುರುಗು. ಸಂವಿಧಾನದ 3ನೇ ವಿಧಿ ಎಳೆದ ಗೆರೆಯೊಳಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾಯಿದೆ ಮಾಡಿ ಎಷ್ಟು ಕೊಟ್ಟಿದೆಯೋ ಅಷ್ಟೇ ಅಧಿಕಾರ. ದಿನನಿತ್ಯದ ವ್ಯಾಜ್ಯಗಳ ಜಾಗ ರಾಜ್ಯದ ಕೋರ್ಟು. ಫೆಡರಲ್ ಕೋರ್ಟೇ ಬೇಕು ಎನ್ನುವವನು ಅಧಿಕಾರ ಇದೆ ಎಂದು ತೋರಿಸಬೇಕು.

ಇದನ್ನೇ ಸಬ್ಜೆಕ್ಟ್ ಮ್ಯಾಟರ್ ಜ್ಯೂರಿಸ್‌ಡಿಕ್ಷನ್ ಎನ್ನುವುದು, ವಿಷಯದ ಮೇಲಿನ ನ್ಯಾಯವ್ಯಾಪ್ತಿ. ಪ್ರತಿವಾದಿಯನ್ನು ಆ ರಾಜ್ಯಕ್ಕೆ ಎಳೆತರಬಹುದೇ ಎಂಬ ಪ್ರಶ್ನೆ ಬೇರೆ. ಆ ತಕರಾರನ್ನು ಅವನು ಬಿಟ್ಟುಕೊಡಬಹುದು. ಇದನ್ನು ಬಿಟ್ಟುಕೊಡುವ ಹಕ್ಕು ಯಾರಿಗೂ ಇಲ್ಲ. ವ್ಯಾಜ್ಯವೆಲ್ಲ ಫೆಡರಲ್ ಕೋರ್ಟಿನಲ್ಲೇ ಎಂದು ಇಬ್ಬರೂ ಕರಾರಿನಲ್ಲಿ ಬರೆದುಕೊಂಡರೂ ಇಲ್ಲದ ಅಧಿಕಾರ ಹುಟ್ಟುವುದಿಲ್ಲ. ವಿಚಾರಣೆ ಮುಗಿದ ಮೇಲೂ, ಮೇಲ್ಮನವಿಯಲ್ಲೂ ತಕರಾರು ಏಳಬಹುದು. ಯಾರೂ ಎತ್ತದಿದ್ದರೆ ನ್ಯಾಯಾಧೀಶರೇ ಎತ್ತಬೇಕು. 1804ರ ಕ್ಯಾಪ್ರನ್ ಪ್ರಕರಣದಲ್ಲಿ ತಾನೇ ಆರಿಸಿಕೊಂಡ ಫೆಡರಲ್ ಕೋರ್ಟಿನಲ್ಲಿ ಸೋತ ವಾದಿ, ಈ ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದ. ತೀರ್ಪು ರದ್ದಾಯಿತು.

ಒಳಹೋಗಲು ಮುಖ್ಯ ದಾರಿ ಎರಡು. ಒಂದು, ಫೆಡರಲ್ ಕಾನೂನಿನಿಂದ ಹುಟ್ಟಿದ ಹಕ್ಕಿನ ದಾವೆ, ಯು.ಎಸ್. ಕೋಡ್‌ನ 28ನೇ ಸಂಪುಟದ 1331ನೇ ಕಲಮು. ಪೇಟೆಂಟ್, ಕಾಪಿರೈಟ್, ಉದ್ಯೋಗದಲ್ಲಿ ತಾರತಮ್ಯದಂಥವು. ಇಲ್ಲಿ ಎಡವುವವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ: ಫೆಡರಲ್ ಪ್ರಶ್ನೆ ಇರಬೇಕಾದ್ದು ವಾದಿಯ ಹಕ್ಕಿನಲ್ಲಿ, ಪ್ರತಿವಾದಿ ಹೇಳಬಹುದಾದ ಉತ್ತರದಲ್ಲಲ್ಲ. ಮಾಟ್ಲಿ ದಂಪತಿಯ ಪ್ರಕರಣವನ್ನು ಇಲ್ಲಿನ ಕಾನೂನು ವಿದ್ಯಾರ್ಥಿಗಳೆಲ್ಲ ಓದುತ್ತಾರೆ. 1871ರ ರೈಲು ಅಪಘಾತದಲ್ಲಿ ಗಾಯಗೊಂಡ ಅವರಿಗೆ ರೈಲ್ವೆ ಕಂಪನಿ ಪರಿಹಾರವಾಗಿ ಜೀವನಪರ್ಯಂತ ಉಚಿತ ಪಾಸು ಕೊಟ್ಟಿತು. 1906ರಲ್ಲಿ ಕಾಂಗ್ರೆಸ್ ಉಚಿತ ಪಾಸನ್ನೇ ನಿಷೇಧಿಸಿತು, ಕಂಪನಿ ಕೈಯೆತ್ತಿತು. ಆ ಕಾಯಿದೆ ನಮಗೆ ಅನ್ವಯಿಸದು ಎಂದು ದಂಪತಿ ಫೆಡರಲ್ ಕೋರ್ಟಿಗೆ ಹೋಗಿ ಗೆದ್ದರು. 1908ರಲ್ಲಿ ಸುಪ್ರೀಂ ಕೋರ್ಟ್, ಯಾರೂ ಕೇಳದಿದ್ದರೂ ತಾನಾಗಿಯೇ ಹೇಳಿತು: ನಿಮ್ಮದು ಕರಾರಿನ ಹಕ್ಕು, ಕಾಯಿದೆ ಬರುವುದು ಎದುರಾಳಿಯ ಸಮರ್ಥನೆಯಲ್ಲಿ, ನಮಗೆ ಅಧಿಕಾರವಿಲ್ಲ. ಅವರು ರಾಜ್ಯದ ಕೋರ್ಟಿನಿಂದ ಮತ್ತೆ ಶುರುಮಾಡಿ 1911ರಲ್ಲಿ ಅದೇ ಸುಪ್ರೀಂ ಕೋರ್ಟಿಗೆ ಬಂದರು. ಆಗ ಸೋತರು.

ಎರಡನೆಯ ದಾರಿ 1332ನೇ ಕಲಮು, ನಾವು ಡೈವರ್ಸಿಟಿ ಎನ್ನುವುದು. ಮೊತ್ತ 75,000 ಡಾಲರ್ ದಾಟಬೇಕು. ಸರಿಯಾಗಿ 75,000 ಇದ್ದರೆ ಸಾಲದು. ಎದುರುಬದುರು ಇರುವವರು ಬೇರೆ ಬೇರೆ ರಾಜ್ಯದ ಪ್ರಜೆಗಳಾಗಿರಬೇಕು, ಇಲ್ಲವೇ ಒಂದು ಕಡೆ ರಾಜ್ಯದ ಪ್ರಜೆ, ಇನ್ನೊಂದು ಕಡೆ ವಿದೇಶಿ ಇರಬೇಕು. 1806ರಿಂದ ಇರುವ ನಿಯಮವೆಂದರೆ ಒಬ್ಬನೇ ಒಬ್ಬ ವಾದಿ ಒಬ್ಬನೇ ಒಬ್ಬ ಪ್ರತಿವಾದಿಯ ರಾಜ್ಯದವನಾಗಿದ್ದರೂ ದಾರಿ ಮುಚ್ಚಿತು. ಗಂಡ ಕ್ಯಾಲಿಫೋರ್ನಿಯಾದಲ್ಲಿ, ಹೆಂಡತಿ ನ್ಯೂಜೆರ್ಸಿಯಲ್ಲಿ ಇದ್ದರೂ ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ ಮಾತ್ರ ಫೆಡರಲ್ ಕೋರ್ಟಿಗೆ ಬರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಜನ ಕೇಳುತ್ತಾರೆ.

ರಾಜ್ಯದ ಪ್ರಜೆ ಎಂದರೆ ಅಮೆರಿಕದ ಪ್ರಜೆಯಾಗಿದ್ದು ಆ ರಾಜ್ಯದಲ್ಲಿ ಡೊಮಿಸೈಲ್ ಇರುವವರು: ಅಲ್ಲಿ ನೆಲೆಸಿರಬೇಕು, ಅಲ್ಲೇ ಉಳಿಯುವ ಉದ್ದೇಶವೂ ಇರಬೇಕು. ದಾವಾಪತ್ರದಲ್ಲಿ ನಿವಾಸಿ ಎಂದು ಬರೆದರೆ ಸಾಲದು. ನಮ್ಮವರ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಡಾಲಸ್‌ನಲ್ಲಿ ಎಚ್-1ಬಿ ವೀಸಾದಲ್ಲಿರುವ ಹುಬ್ಬಳ್ಳಿಯ ಹುಡುಗ ಟೆಕ್ಸಸ್ ಕಂಪನಿಯ ಮೇಲೆ ಕರಾರುಭಂಗದ ದಾವೆ ಹೂಡಿದರೆ ಅವನು ಭಾರತದ ಪ್ರಜೆ, ಕಂಪನಿ ಟೆಕ್ಸಸ್‌ನದು: ಫೆಡರಲ್ ಕೋರ್ಟಿಗೆ ಅಧಿಕಾರವಿದೆ. ಪಕ್ಕದ ಮೇಜಿನ ಗೆಳೆಯನದೂ ಅದೇ ಕರಾರು, ಅದೇ ದೂರು, ಆದರೆ ಅವನಿಗೆ ಗ್ರೀನ್ ಕಾರ್ಡ್ ಬಂದಿದೆ, ಡಾಲಸ್‌ನಲ್ಲೇ ನೆಲೆಸಿದ್ದಾನೆ: 2011ರ ತಿದ್ದುಪಡಿಯ ಪ್ರಕಾರ ಅಧಿಕಾರವಿಲ್ಲ. ಇನ್ನು ಆ ಮೊದಲ ಹುಡುಗನೇ ಭಾರತದಲ್ಲಿ ನೋಂದಣಿಯಾಗಿ ಬೆಂಗಳೂರಿನಿಂದಲೇ ನಡೆಯುವ ಕಂಪನಿಯ ಮೇಲೆ ಹೋದರೆ ಎರಡೂ ಕಡೆ ವಿದೇಶಿಯರಾದರು. ಈ ದಾರಿಯಲ್ಲಿ ಅದಕ್ಕೂ ಪ್ರವೇಶವಿಲ್ಲ.

ಮೈಸೂರಿನ ನಮ್ಮ ಪಾಲುದಾರರದು ಇನ್ನೊಂದು ಬಗೆ. ಅಮೆರಿಕದ ಪ್ರಜೆ, ಆದರೆ ಡೊಮಿಸೈಲ್ ಯಾವ ರಾಜ್ಯದಲ್ಲೂ ಇಲ್ಲ. ಹಾಗಾಗಿ ಯಾವ ರಾಜ್ಯದ ಪ್ರಜೆಯೂ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವುದರಿಂದ ವಿದೇಶಿಯೂ ಅಲ್ಲ. ಡೈವರ್ಸಿಟಿಯ ಮಟ್ಟಿಗೆ ಅಂಥವರಿಗೆ ರಾಜ್ಯವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1989ರ ನ್ಯೂಮನ್-ಗ್ರೀನ್ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಕಂಪನಿ ಕಾರ್ಪೊರೇಷನ್ ಆಗಿದ್ದರೆ ಇದು ಅಡ್ಡಬರುತ್ತಿರಲಿಲ್ಲ. ನೋಂದಣಿಯ ರಾಜ್ಯ ಮತ್ತು ಮುಖ್ಯ ಕಚೇರಿ ಇರುವ ರಾಜ್ಯ ಇವೆರಡನ್ನೇ ನೋಡುತ್ತಾರೆ. ಎಲ್‌ಎಲ್‌ಸಿಗೆ ಮಾತ್ರ ತನ್ನದೇ ಆದ ಪೌರತ್ವವಿಲ್ಲ, ಅದರ ಎಲ್ಲ ಸದಸ್ಯರ ಪೌರತ್ವವೇ ಅದರದು. ಸದಸ್ಯ ಇನ್ನೊಂದು ಎಲ್‌ಎಲ್‌ಸಿಯಾಗಿದ್ದರೆ ಅದರ ಸದಸ್ಯರವರೆಗೂ ಇಳಿಯಬೇಕು. ನಾಲ್ವರಲ್ಲಿ ಒಬ್ಬರಿಗೆ ರಾಜ್ಯವಿಲ್ಲದ್ದರಿಂದ ಇಡೀ ಎಲ್‌ಎಲ್‌ಸಿ ಡೈವರ್ಸಿಟಿಯ ಹೊರಗೆ ಬಿತ್ತು. ಅವರು ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡಿದ್ದರೆ ದಾವೆ ನಿಲ್ಲುತ್ತಿತ್ತು. ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ವಾದ ಮಾಡುವಾಗ ಮೊದಲು ಬಿಡಿಸಿಕೊಳ್ಳಬೇಕಾದ್ದು, ಎದುರಿನವರ ತಕರಾರು ಬರವಣಿಗೆಯ ಮೇಲೋ ಸಂಗತಿಯ ಮೇಲೋ ಎಂಬುದು. ಬರವಣಿಗೆಯ ಮೇಲಾದರೆ ದಾವಾಪತ್ರದಲ್ಲಿರುವುದೆಲ್ಲ ನಿಜವೆಂದು ಭಾವಿಸಿ ಕೋರ್ಟು ನೋಡುತ್ತದೆ. ಪದ ತಪ್ಪಿದ್ದರೆ ತಿದ್ದಲು ಅವಕಾಶವೂ ಇದೆ. ಸಂಗತಿಯ ಮೇಲಾದರೆ ಆ ರಿಯಾಯಿತಿ ಇಲ್ಲ. ನ್ಯಾಯಾಧೀಶರು ಪುರಾವೆ ತರಿಸಿ ತಾವೇ ತೂಗುತ್ತಾರೆ: ತೆರಿಗೆ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ಮತದಾರರ ನೋಂದಣಿ, ಮನೆಯ ಕ್ರಯಪತ್ರ. ಆ ದಿನ ಕಾಗದ ಇಲ್ಲದೆ ಬರೀ ಮಾತು ಹಿಡಿದು ನಿಂತ ವಕೀಲರನ್ನು ಕಂಡಿದ್ದೇನೆ, ಹತ್ತು ನಿಮಿಷ ತಡೆಯುವುದಿಲ್ಲ.

ಪ್ರತಿವಾದಿಯ ಪರ ಇದ್ದಾಗ ಆಸೆ ಇನ್ನೊಂದು ಬಗೆಯದು. ಕಾಯಿದೆಯ ಪ್ರತಿ ಮಿತಿಯನ್ನೂ ನ್ಯಾಯವ್ಯಾಪ್ತಿಯ ಪ್ರಶ್ನೆ ಎಂದು ಕರೆಯಬೇಕೆನಿಸುತ್ತದೆ, ಏಕೆಂದರೆ ಹಾಗೆ ಕರೆದರೆ ತಡವಾದ ತಕರಾರಿಗೂ ಜೀವ ಬರುತ್ತದೆ. ಸುಪ್ರೀಂ ಕೋರ್ಟ್ ಇದನ್ನು ಬಿಗಿಮಾಡಿದೆ. ಉದ್ಯೋಗ ತಾರತಮ್ಯದ ಕಾಯಿದೆ 15 ನೌಕರರಿಗಿಂತ ಕಡಿಮೆ ಇರುವವರಿಗೆ ಅನ್ವಯಿಸುವುದಿಲ್ಲ. ಆರ್ಬೋ ಪ್ರಕರಣದಲ್ಲಿ ಜ್ಯೂರಿ 40,000 ಡಾಲರ್ ಕೊಡಿಸಿದ ಮೇಲೆ ಮಾಲೀಕರು, ನಮ್ಮಲ್ಲಿ ಅಷ್ಟು ನೌಕರರಿಲ್ಲ, ಆದ್ದರಿಂದ ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಎಂದರು. 2006ರ ತೀರ್ಪು ಅದನ್ನು ಒಪ್ಪಲಿಲ್ಲ: ಕಾಂಗ್ರೆಸ್ ಸ್ಪಷ್ಟವಾಗಿ ಹೇಳದ ಹೊರತು ಅಂಥ ಮಿತಿ ಹಕ್ಕಿನ ಒಂದು ಅಂಶ, ನ್ಯಾಯವ್ಯಾಪ್ತಿಯದಲ್ಲ, ವಿಚಾರಣೆ ಮುಗಿಯುವ ಮೊದಲೇ ಎತ್ತಬೇಕಿತ್ತು. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಗೆದ್ದವರಿಂದ ತೀರ್ಪು ಕಿತ್ತುಕೊಳ್ಳುವ ಈ ಆಯುಧ ಆದಷ್ಟು ಕಡಿಮೆ ಕೈಗಳಲ್ಲಿರಬೇಕು.

ರಾಜ್ಯದ ಕೋರ್ಟಿನಿಂದ ಎದುರಾಳಿ ದಾವೆಯನ್ನು ಫೆಡರಲ್ ಕೋರ್ಟಿಗೆ ಎಳೆದಾಗ ವಾಪಸು ಕಳಿಸಿ ಎಂದು ಕೇಳಲು ಕ್ರಮದೋಷಕ್ಕೆ 30 ದಿನವಷ್ಟೇ ಇದೆ. ಅಧಿಕಾರವೇ ಇಲ್ಲ ಎಂಬುದಕ್ಕೆ ಆ ಗಡುವಿಲ್ಲ, ಅಂತಿಮ ತೀರ್ಪಿನ ತನಕ ಕೇಳಬಹುದು.

ನಮ್ಮ ದಾವೆಗೆ ಬರುತ್ತೇನೆ. ಅವರು ಎಡಿಸನ್‌ಗೆ ಮತ್ತೆ ಬಂದು ನೆಲೆಸಿದರೆ ಆಗುವುದಿಲ್ಲವೇ ಎಂದು ಉಳಿದ ಮೂವರು ಕೇಳಿದರು. ಆಗುವುದಿಲ್ಲ. ಗ್ರೂಪೊ ಡೇಟಾಫ್ಲಕ್ಸ್ ಪ್ರಕರಣದಲ್ಲಿ ವಿಚಾರಣೆಗೆ ಮುಂಚೆಯೇ ಅಡ್ಡಿಯಾಗಿದ್ದ ಪಾಲುದಾರರು ಹೊರಹೋಗಿದ್ದರು, ಜ್ಯೂರಿ 750,000 ಡಾಲರ್ ಕೊಡಿಸಿತ್ತು. ಆದರೂ 2004ರಲ್ಲಿ ಸುಪ್ರೀಂ ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡದ್ದು ದಾವೆ ಹೂಡಿದ ದಿನವನ್ನೇ. ಉಳಿದ ವಾದ ಒಂದೇ. ಹೊಸ ಡೊಮಿಸೈಲ್ ನಿಜವಾಗಿ ಹುಟ್ಟುವವರೆಗೆ ಹಳೆಯದು ಉಳಿದಿರುತ್ತದೆ. ನ್ಯೂಜೆರ್ಸಿಗೆ ಮರಳುವ ಉದ್ದೇಶ ಅವರಿಗಿತ್ತು ಎಂದು ತೋರಿಸಿದರೆ ಗೆಲ್ಲಬಹುದಿತ್ತು. ಆ ಬಗ್ಗೆ ಅಫಿಡವಿಟ್ ಬೇಕು. ಮಾತನ್ನು ಬಾಯಿಗೆ ತುರುಕದೆ ನೇರವಾಗಿ ಕೇಳಿದೆ: ಊರಿಗೆ ಹೋದಾಗ ವಾಪಸು ಬರುವ ಮನಸ್ಸಿತ್ತೇ?

“ಇಲ್ಲ ಸಾರ್. ಅಮ್ಮ ಇದ್ದ ಮನೆ ಇದು. ಇಲ್ಲೇ ಮಣ್ಣಾಗೋದು ಅಂತಾನೇ ಬಂದೆ.”

ಎರಡು ಪುಟದ ಪತ್ರ ಬರೆದು ಕೋರ್ಟಿಗೆ ಅಧಿಕಾರವಿಲ್ಲವೆಂದು ನಾವೇ ಒಪ್ಪಿಕೊಂಡೆವು. ಮತ್ತೆ ಹೂಡುವ ಹಕ್ಕನ್ನು ಉಳಿಸಿ ದಾವೆ ವಜಾ ಆಯಿತು. ನ್ಯೂಜೆರ್ಸಿಯಲ್ಲಿ ಕರಾರಿನ ದಾವೆಗೆ ಆರು ವರ್ಷದ ಕಾಲಮಿತಿ, ಅದೃಷ್ಟಕ್ಕೆ ಇನ್ನೂ ಸಮಯವಿತ್ತು. ತೆಗೆದ ಹೇಳಿಕೆಗಳನ್ನೆಲ್ಲ ರಾಜ್ಯದ ಕೋರ್ಟಿನಲ್ಲೂ ಬಳಸಲು ಎದುರಿನ ವಕೀಲರು ಒಪ್ಪಿದರು. 2022ರ ಡಿಸೆಂಬರ್ 1ರಿಂದ ಫೆಡರಲ್ ನಿಯಮ 7.1 ಬದಲಾಗಿದ್ದು, ಡೈವರ್ಸಿಟಿ ದಾವೆಯ ಆರಂಭದಲ್ಲೇ ಕಕ್ಷಿದಾರರು ಪ್ರತಿ ಸದಸ್ಯರ ಪೌರತ್ವವನ್ನು ಬರೆದುಕೊಡಬೇಕು. ನಾನು ಆ ನಮೂನೆಯನ್ನು ಕಕ್ಷಿದಾರರ ಮುಂದೆ ಮೊದಲ ಭೇಟಿಯಲ್ಲೇ, ಕರಾರಿನ ಕಡತ ಬಿಚ್ಚುವುದಕ್ಕೂ ಮುಂಚೆ ಇಡುತ್ತೇನೆ.