ತಗಣಿ ಹೋದರೂ ತುರಿಕೆ ಹೋಗಿಲ್ಲ ಎನ್ನುವವರಿಗೆ

"ಔಷಧ ಹೊಡಿಸಿ ವಾರ ಆತ್ರಿ ಮೇಡಂ, ಇನ್ನೂ ಮೈ ಕಡೀತದ." ಬೇಸಿಗೆಯಲ್ಲಿ ರಾಯಚೂರಿನ ನನ್ನ ಕ್ಲಿನಿಕ್ಕಿಗೆ ಬರುವ ಹಲವರ ಮೊದಲ ಮಾತು ಇದು. ಬೆನ್ನಿಗೇ "ಮತ್ತೊಮ್ಮೆ ಹೊಡಸಬೇಕೇನ್ರಿ?" ಎಂಬ ಪ್ರಶ್ನೆ. ತುರಿಕೆಯೊಂದನ್ನೇ ನೋಡಿ ಇದಕ್ಕೆ ಹೌದು ಎನ್ನಲು ನಾನು ಒಪ್ಪುವುದಿಲ್ಲ. ಮಂಚದಲ್ಲಿ ತಿಗಣೆ ಉಳಿದಿದೆಯೋ ಇಲ್ಲವೋ ಎಂಬುದನ್ನು ಮಂಚ ನೋಡಿಯೇ ತಿಳಿಯಬೇಕು, ಮೈ ನೋಡಿ ಅಲ್ಲ.

ತಿಗಣೆ ರಕ್ತ ಹೀರುವಾಗ ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ದದ್ದು, ತುರಿಕೆ ಬರುವುದು ಆ ಜೊಲ್ಲಿನ ಅಲರ್ಜಿಯಿಂದ. ಕೆಲವರಿಗೆ ಮೊದಮೊದಲ ಕಡಿತದ ದದ್ದು ಏಳಲು ಹತ್ತು ದಿನದ ಮೇಲೂ ಹಿಡಿಯುತ್ತದೆ. ಹಾಗಾಗಿ ಔಷಧ ಹೊಡೆಯುವ ಮುಂಚೆ ಕಚ್ಚಿದ್ದು ಹೊಡೆದಾದ ಮೇಲೆ ಕಾಣಿಸಿಕೊಳ್ಳಬಹುದು. ಎದ್ದ ದದ್ದು ಇನ್ನೊಂದೆರಡು ವಾರ ತುರಿಸುತ್ತದೆ. ಮಕ್ಕಳದ್ದು ಇನ್ನೂ ತಂಟೆ: ಎಲ್ಲೋ ಒಂದು ಸೊಳ್ಳೆ ಕಚ್ಚಿದರೂ ಸಾಕು, ಹಳೆಯ ಗುಳ್ಳೆಗಳೆಲ್ಲ ಮತ್ತೆ ಕೆರಳುತ್ತವೆ. ಒಂದೇ ಗಾದಿಯಲ್ಲಿ ಮಲಗುವ ಗಂಡನಿಗೆ ಏನೂ ಇಲ್ಲ, ಹೆಂಡತಿಗೆ ಮೈತುಂಬ ದದ್ದು ಎನ್ನುವುದೂ ಉಂಟು. ಇಬ್ಬರನ್ನೂ ಕಚ್ಚಿರುತ್ತದೆ, ಒಬ್ಬರ ಮೈ ತೋರಿಸಿಕೊಂಡಿಲ್ಲ ಅಷ್ಟೆ. "ಮನ್ಯಾಗ ಯಾರಿಗೂ ಇಲ್ಲ, ನಿನಗಷ್ಟೇ ಯಾಕ?" ಎಂದು ಸೊಸೆಯನ್ನು ಕೇಳುವ ಅತ್ತೆಯಂದಿರು ಇದನ್ನು ಗಮನಿಸಬೇಕು.

ಹೊಡೆದಾದ ಮೇಲೆ ಗಾದಿಯ ಹೊಲಿಗೆ, ಮಂಚದ ಸಂದು, ಹೊರಸಿನ ಹುರಿ, ಗೋಡೆಯ ಬಿರುಕುಗಳಲ್ಲಿರುವ ಹಳೆಯ ಮಸಿ ಚುಕ್ಕೆಗಳನ್ನು (ತಿಗಣೆಯ ಹಿಕ್ಕೆ) ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಕೈಗೆ ಗ್ಲೌಸ್ ಇರಲಿ. ಆಮೇಲೆ ಹೊಸ ಚುಕ್ಕೆ ಬಿದ್ದರೆ, ಜೀವಂತ ಹುಳ ಸಿಕ್ಕರೆ ತಿಗಣೆ ಇದೆ ಎಂದೇ ಲೆಕ್ಕ. ಬಹುಪಾಲು ಔಷಧಗಳಿಗೆ ಮೊಟ್ಟೆ ಜಗ್ಗುವುದಿಲ್ಲ. ನಮ್ಮ ಸೆಖೆಗೆ ವಾರ ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಎರಡು ವಾರದ ಹೊತ್ತಿಗೆ ಎರಡನೇ ಸಲ ಹೊಡೆಯುವುದು ಇದೇ ಕಾರಣಕ್ಕೆ, ಮೊದಲನೆಯದು ಕೆಟ್ಟಿತೆಂದಲ್ಲ. ರಾಯಚೂರು ಬಿಸಿಲಿಗೆ ಗಾದಿ ಹಾಕಿದರೆ ಸಾಕು ಎನ್ನುವವರೂ ಇದ್ದಾರೆ. ತಿಗಣೆ ಸಾಯಲು ಸುಮಾರು 50 ಡಿಗ್ರಿ ಶಾಖ ಒಳಗಿನವರೆಗೂ ತಟ್ಟಬೇಕು. ಮಾಳಿಗೆಯ ಮೇಲೆ ಹರಡಿದ ದಪ್ಪ ಗಾದಿಯಲ್ಲಿ ಅವು ತಂಪಿರುವ ಅಡಿಭಾಗಕ್ಕೆ ಸರಿದು ಕೂರುತ್ತವೆ. ಹೊದಿಕೆ, ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆಯುವುದು ಹೆಚ್ಚು ನಂಬಿಕೆಯ ದಾರಿ. ಗುಳೆಯಿಂದ ಊರಿಗೆ ಮರಳುವಾಗ ಹಾಸಿಗೆ ಸುರುಳಿಯನ್ನು ಮನೆಯೊಳಗೆ ಬಿಚ್ಚುವ ಮುನ್ನವೇ ಈ ಕೆಲಸ ಆಗಲಿ.

ಮಂಚ ಸ್ವಚ್ಛವಿದ್ದೂ ರಾತ್ರಿ ತುರಿಕೆ ಹೆಚ್ಚಿದರೆ ಬೆರಳ ಸಂದು, ಮಣಿಕಟ್ಟು, ಸೊಂಟ, ಗುಪ್ತಾಂಗ ನೋಡಿಕೊಳ್ಳಿ. ಅಲ್ಲಿ ಗುಳ್ಳೆಗಳಿದ್ದು ಮನೆಯ ಇನ್ನೊಬ್ಬರೂ ತುರಿಸಿಕೊಳ್ಳುತ್ತಿದ್ದರೆ ಅದು ಹೆಚ್ಚಾಗಿ ಕಜ್ಜಿ. ಕಜ್ಜಿಯ ಹುಳ ಚರ್ಮದೊಳಗೇ ಇರುತ್ತದೆ, ಮಂಚಕ್ಕೆ ಎಷ್ಟು ಹೊಡೆದರೂ ಹೋಗದು. ವೈದ್ಯರು ಬರೆದುಕೊಡುವ 5% ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಕೆಳಗೆ ಹಚ್ಚಬೇಕು, ವಾರ ಬಿಟ್ಟು ಮತ್ತೊಮ್ಮೆ. ಗುಳ್ಳೆಯೇ ಇಲ್ಲದೆ ಬರೀ ಚುರುಚುರು ಉರಿಯಾದರೆ ಹಾಸಿಗೆಗೆ ತಗುಲಿದ ಔಷಧವೇ ಕಾರಣವಿರಬಹುದು. ಮೈ ತೊಳೆದು ಹೊದಿಕೆ ಬದಲಿಸಿದರೆ ಅದು ಸಾಮಾನ್ಯವಾಗಿ ಒಂದು ದಿನದಲ್ಲಿ ತಗ್ಗುತ್ತದೆ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ತಿಗಣೆಯಲ್ಲ. ಅದರಿಂದ ರೋಗ ಹರಡುತ್ತದೆಂಬುದು ಸಿದ್ಧವಾಗಿಲ್ಲ. ಆದರೆ ಹತ್ತಿಗೋ ಮೆಣಸಿನಕಾಯಿಗೋ ಹೊಡೆದು ಉಳಿದ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಮನೆಯ ಮಂಚಕ್ಕೆ ಹೊಡೆಯುವ ರೂಢಿಯಿದೆಯಲ್ಲ, ಅದು ಜೀವಕ್ಕೆ ಎರವಾಗಬಹುದು. ಹೊಲಕ್ಕೆಂದು ಮಾಡಿದ ಕ್ಲೋರ್‌ಪೈರಿಫಾಸ್, ಮೋನೋಕ್ರೋಟೋಫಾಸ್‌ನಂಥವು ಚರ್ಮದ ಮೂಲಕವೂ ಒಳಸೇರುತ್ತವೆ. ಬಾಯಲ್ಲಿ ಜೊಲ್ಲು, ಮೈಬೆವರು, ವಾಂತಿ, ಕಣ್ಣು ಮಂಜು, ಉಸಿರಾಟಕ್ಕೆ ಕಷ್ಟ ಕಂಡರೆ ಬಟ್ಟೆ ಕಳಚಿ ಮೈ ತೊಳೆದು ನೇರ ಆಸ್ಪತ್ರೆಗೆ ಓಡಿ. ಕಾಳಿನ ಚೀಲಕ್ಕಿಡುವ ಗುಳಿಗೆಯನ್ನಂತೂ ಮಲಗುವ ಕೋಣೆಯಲ್ಲಿ ಇಡಲೇಬೇಡಿ. ಅದು ಗಾಳಿಯ ತೇವ ಹೀರಿ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ, ಪಕ್ಕದ ಕೋಣೆಗೂ ನುಗ್ಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ.

ತುರಿಕೆಗೆ ತಣ್ಣೀರ ಪಟ್ಟಿ, ಕ್ಯಾಲಮೈನ್ ಲೋಷನ್ ಹಾಕಿ, ಉಗುರು ಕತ್ತರಿಸಿ. ರಾತ್ರಿ ನಿದ್ದೆಗೆಟ್ಟರೆ ಅಲರ್ಜಿ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಿ. ಮೆಡಿಕಲ್ ಶಾಪಿನವರು ಕೊಡುವ 'ಎಲ್ಲದಕ್ಕೂ ಒಂದೇ' ಟ್ಯೂಬ್ ಬೇಡ. ಅವುಗಳಲ್ಲಿ ಹಲವದರಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ತಂಪೆನಿಸಿ ಆಮೇಲೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ಮೈಯೆಲ್ಲ ಹಬ್ಬುತ್ತದೆ.

ಕಪ್ಪು ಕಲೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಮೈಬಣ್ಣಕ್ಕೆ ದದ್ದು ಆರಿದ ಜಾಗ ಕಪ್ಪಾಗುವುದು ಸಹಜ, ಅದು ಮಾಸಲು ತಿಂಗಳುಗಟ್ಟಲೆ ಬೇಕು. ಕೆರೆದಷ್ಟೂ, ಬಿಸಿಲಿಗೊಡ್ಡಿದಷ್ಟೂ ತಡ. ನಿಂಬೆಹಣ್ಣು ತಿಕ್ಕಿ ಸುಟ್ಟುಕೊಂಡು ಬರುವವರೂ ಇದ್ದಾರೆ, ಆಗ ಕಲೆ ಇನ್ನಷ್ಟು ದಟ್ಟ.

ಕೀವು, ಜೇನಿನ ಬಣ್ಣದ ಹೊಪ್ಪಳೆ, ಜ್ವರ ಇದ್ದರೆ, ಅಥವಾ ಎರಡನೇ ಸಲ ಹೊಡೆದು ಮೂರ್ನಾಲ್ಕು ವಾರ ಕಳೆದರೂ ಹೊಸ ದದ್ದು ಏಳುತ್ತಿದ್ದರೆ ಚರ್ಮದ ವೈದ್ಯರನ್ನು ಕಾಣಿ. ಹೋಗುವಾಗ ಹೊಡೆದ ಔಷಧದ ಡಬ್ಬಿಯ ಫೋಟೊ, ಹಚ್ಚಿದ ಟ್ಯೂಬು, ಸಿಕ್ಕರೆ ಸೆಲೊಟೇಪಿಗೆ ಅಂಟಿಸಿದ ಒಂದು ಹುಳ ಒಯ್ಯಿರಿ.