ಈ ಸತು ಯಾರದ್ದು?

ಮೂರು ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಮಾದರಿಗಳು ನಮ್ಮ ಪ್ರಯೋಗಾಲಯಕ್ಕೆ ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದವು. ಒಂದರಲ್ಲಿ ಸತು ಲೀಟರಿಗೆ 2,400 ಮೈಕ್ರೊಗ್ರಾಂ, ಇನ್ನೆರಡರಲ್ಲಿ 1,900 ಮತ್ತು 2,100. ಆರೋಗ್ಯವಂತ ವಯಸ್ಕರ ಸೀರಮಿನಲ್ಲಿ ಇದು ಹೆಚ್ಚುಕಡಿಮೆ 700ರಿಂದ 1,200ರೊಳಗೆ ಇರಬೇಕು. ಮೂವರೂ ಬೇರೆ ಬೇರೆ ಮನೆಯವರು, ಯಾರೂ ಸತುವಿನ ಮಾತ್ರೆ ನುಂಗುತ್ತಿರಲಿಲ್ಲ. ಯಂತ್ರವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ ಓಡಿಸಿದೆವು, ಅಂಕಿ ಅಲ್ಲಾಡಲಿಲ್ಲ. ಕೊನೆಗೆ ರಕ್ತ ತೆಗೆದ ಕಡೆಗೆ ಫೋನ್ ಮಾಡಿದೆ. ಆ ದಿನ ಲೋಹದ ಪರೀಕ್ಷೆಗೆಂದೇ ಇರುವ ಕಡುನೀಲಿ ಮುಚ್ಚಳದ ಟ್ಯೂಬು ಮುಗಿದಿತ್ತಂತೆ, ಕೈಗೆ ಸಿಕ್ಕ ಮಾಮೂಲಿ ಟ್ಯೂಬಿನಲ್ಲೇ ತೆಗೆದಿದ್ದರು. ಅದರ ಮುಚ್ಚಳದ ರಬ್ಬರನ್ನು ಹದಗೊಳಿಸಲು ಸತುವಿನ ಆಕ್ಸೈಡ್ ಬೆರೆಸುತ್ತಾರೆ. ಟ್ಯೂಬುಗಳನ್ನು ಮಲಗಿಸಿ ಇಟ್ಟಿದ್ದರಿಂದ ರಕ್ತ ಗಂಟೆಗಟ್ಟಲೆ ಆ ರಬ್ಬರನ್ನು ತೊಳೆಯುತ್ತಾ ಕೂತಿತ್ತು. ಸರಿಯಾದ ಟ್ಯೂಬಿನಲ್ಲಿ ಇನ್ನೊಮ್ಮೆ ತೆಗೆಸಿದಾಗ ಮೊದಲನೆಯವರ ಸತು 860.

ಯಂತ್ರ ಎರಡು ಸಲವೂ ಸರಿಯಾಗಿಯೇ ಅಳೆದಿತ್ತು. ಟ್ಯೂಬಿನೊಳಗೆ ಅಷ್ಟು ಸತು ಇದ್ದದ್ದು ನಿಜ, ರೋಗಿಯದ್ದಾಗಿರಲಿಲ್ಲ, ಅಷ್ಟೇ. ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಈ ಯಂತ್ರದ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರಿನ, ಮುಂದೆ ಕೂತು ಕೆಲಸ ಮಾಡುವವರ ದಿನದ ಬಹುಪಾಲು ಹೋಗುವುದು ಈ ಒಂದು ಪ್ರಶ್ನೆಯ ಹಿಂದೆ: ಅಂಕಿ ಬಂತು ಸರಿ, ಆದರೆ ಇದು ಯಾರದ್ದು? ರಕ್ತದ್ದೋ, ಸೂಜಿಯದ್ದೋ, ಟ್ಯೂಬಿನದ್ದೋ, ಇಲ್ಲಾ ಯಂತ್ರದೊಳಗೆ ಉರಿಯುವ ಅನಿಲದ್ದೋ?

ಸತುವಿನ ಮಟ್ಟಿಗೆ ಈ ಪ್ರಶ್ನೆ ಸುಲಭದ್ದು, ಏಕೆಂದರೆ ಸೀರಮಿನಲ್ಲಿ ಸತು ಧಾರಾಳ. ಸೆಲೆನಿಯಮ್ ಅದರ ಹತ್ತನೇ ಒಂದು ಪಾಲು. ಮ್ಯಾಂಗನೀಸ್ ಲೀಟರಿಗೆ ಒಂದು ಮೈಕ್ರೊಗ್ರಾಂ ಕೂಡ ಇರುವುದಿಲ್ಲ. ಕ್ರೋಮಿಯಮ್ 0.2ರ ಆಸುಪಾಸು, ಅಥವಾ ಅದಕ್ಕೂ ಕೆಳಗೆ. 0.2 ಎಂದರೆ ಐವತ್ತು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ. ಅದೇ ಲೀಟರ್ ಸೀರಮಿನಲ್ಲಿ ಸೋಡಿಯಮ್ ಮೂರು ಗ್ರಾಮಿಗೂ ಹೆಚ್ಚು, ಅಂದರೆ ಕ್ರೋಮಿಯಮ್ಮಿನ ಒಂದೂವರೆ ಕೋಟಿ ಪಟ್ಟು. ಇತ್ತ ರಕ್ತ ತೆಗೆಯುವ ಉಕ್ಕಿನ ಸೂಜಿಯ ತೂಕದಲ್ಲಿ ನೂರಕ್ಕೆ ಹದಿನೆಂಟರಷ್ಟು ಕ್ರೋಮಿಯಮ್ಮೇ.

ಈ ಪಾಠವನ್ನು ನಮ್ಮ ಕ್ಷೇತ್ರ ಬಹಳ ತಡವಾಗಿ ಕಲಿಯಿತು. 1950–60ರ ದಶಕದ ವರದಿಗಳಲ್ಲಿ ಸೀರಮಿನ ಕ್ರೋಮಿಯಮ್ ಲೀಟರಿಗೆ ಹತ್ತಾರು ಮೈಕ್ರೊಗ್ರಾಂ ಎಂದು ಬರೆದವರಿದ್ದರು. ಬೆಲ್ಜಿಯಮ್ಮಿನ ಘೆಂಟ್‌ನಲ್ಲಿ ಜಾಕ್ ವರ್ಸೀಕ್ ಮತ್ತು ರೀಟಾ ಕಾರ್ನೆಲಿಸ್ ಪ್ಲಾಸ್ಟಿಕ್ ಕೊಳವೆಯಿಂದ ರಕ್ತ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಮಾದರಿ ಸಿದ್ಧಪಡಿಸಿ, ನ್ಯೂಟ್ರಾನ್ ಸಕ್ರಿಯಣ ವಿಧಾನದಲ್ಲಿ (ನ್ಯೂಟ್ರಾನ್ ಹೊಡೆಸಿ, ಆಮೇಲೆ ಹೊಮ್ಮುವ ವಿಕಿರಣದಿಂದ ಧಾತುವನ್ನು ಗುರುತಿಸುವುದು) ಅಳೆದರು. ಅದುವರೆಗೆ ಪ್ರಕಟವಾಗಿದ್ದ ‘ಸಾಮಾನ್ಯ ಮಟ್ಟ’ಗಳನ್ನು 1980ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಒಂದಕ್ಕೂ ಇನ್ನೊಂದಕ್ಕೂ ನೂರಾರು ಪಟ್ಟು ಅಂತರ. ಮನುಷ್ಯರ ರಕ್ತ ಅಷ್ಟು ಬೇರೆ ಬೇರೆಯಾಗಿರಲಿಲ್ಲ. ಪ್ರಯೋಗಾಲಯಗಳ ಮೇಜುಗಳು ಹಾಗಿದ್ದವು. ಅಷ್ಟು ವರ್ಷ ವೈದ್ಯರು ಓದಿದ್ದು ಬಹುಮಟ್ಟಿಗೆ ಧೂಳಿನ ವರದಿ.

ಹಾಗಾಗಿ ಕ್ರೋಮಿಯಮ್, ಮ್ಯಾಂಗನೀಸ್, ನಿಕಲ್ ಕೇಳಿ ಬಂದವರಿಗೆ ನಾನು ಮೊದಲು ಹೇಳುವುದು ಸೂಜಿಯ ಬಗ್ಗೆ. ಬೇರೆ ಪರೀಕ್ಷೆಗಳಿದ್ದರೆ ಆ ಟ್ಯೂಬುಗಳನ್ನು ಮೊದಲು ತುಂಬಿಸಿ, ನಮ್ಮದನ್ನು ಆಮೇಲೆ. ಮೊದಲು ಹರಿದ ರಕ್ತ ಸೂಜಿಯನ್ನು ತೊಳೆದುಕೊಂಡು ಹೋಗಲಿ. ಪೌಡರ್ ಇರುವ ಕೈಗವಸು ಬೇಡ, ಬಣ್ಣದ ಪಿಪೆಟ್ ತುದಿ ಬೇಡ, ಗಾಜಿನ ಬಾಟಲಿಯಂತೂ ಬೇಡವೇ ಬೇಡ. ಗಾಜು ಅಲ್ಯೂಮಿನಿಯಮ್ ಬಿಡುತ್ತದೆ. ಟ್ಯೂಬಿನ ಒಂದೊಂದು ಲಾಟ್ ಬಂದಾಗಲೂ ನಾಲ್ಕಾರು ಖಾಲಿ ಟ್ಯೂಬಿಗೆ ಶುದ್ಧ ನೀರು, ಚೂರು ನೈಟ್ರಿಕ್ ಆಮ್ಲ ಹಾಕಿ ಅಲ್ಲಾಡಿಸಿಟ್ಟು ಮರುದಿನ ಅಳೆಯುತ್ತೇವೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟ ವಾರವೇ ಏನಾದರೊಂದು ಆಗುತ್ತದೆ.

ಇನ್ನೊಂದು ಕಲಬೆರಕೆ ಹೊರಗಿನದಲ್ಲ, ರೋಗಿಯ ರಕ್ತದೊಳಗಿನದೇ. ಕೆಂಪು ರಕ್ತಕಣದೊಳಗೆ ಸತು ಸೀರಮಿಗಿಂತ ಹತ್ತು ಪಟ್ಟಿಗೂ ಹೆಚ್ಚು; ಮ್ಯಾಂಗನೀಸ್, ಕಬ್ಬಿಣಗಳ ಕಥೆಯೂ ಇದೇ. ಒರಟಾಗಿ ಎಳೆದೋ ಕುಲುಕಿಯೋ ಕಣಗಳು ಒಡೆದರೆ ಸೀರಮ್ ತೆಳುಗೆಂಪಾಗುತ್ತದೆ. ಅಂಥದ್ದನ್ನು ನಾವು ವಾಪಸು ಕಳಿಸುತ್ತೇವೆ, ಬೈಸಿಕೊಳ್ಳುತ್ತೇವೆ. ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೂ ಒಂದಿಷ್ಟು ಸತು ಬಿಡುತ್ತವೆ, ಅದಕ್ಕೇ ಸೀರಮಿನ ಸತು ಪ್ಲಾಸ್ಮಾದ್ದಕ್ಕಿಂತ (ರಕ್ತವನ್ನು ಹೆಪ್ಪುಗಟ್ಟಲು ಬಿಡದೆ ಬೇರ್ಪಡಿಸಿದ ದ್ರವ) ತುಸು ಮೇಲೆ. ಒಂದೆರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಸೀರಮನ್ನು ಬೇರ್ಪಡಿಸಬೇಕು ಎನ್ನುವುದು ಇದರಿಂದಲೇ.

ಪ್ಲಾಸ್ಮಾ ಎಂದೆ. ನಮ್ಮ ಕೋಣೆಯಲ್ಲಿ ಈ ಪದಕ್ಕೆ ಎರಡು ಅರ್ಥ. ಒಮ್ಮೆ ಫೋನಿನಲ್ಲಿ “ಡಾಕ್ಟ್ರೇ, ಪ್ಲಾಸ್ಮಾ ಆರಿಹೋಯ್ತು, ವರದಿ ನಾಳೆ” ಎಂದಾಗ ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ನಾನು ಹೇಳಿದ್ದು ಯಂತ್ರದ ಪ್ಲಾಸ್ಮಾ. ಗಾಜುಕೊಳವೆಯಲ್ಲಿ ನಿಮಿಷಕ್ಕೆ ಹದಿನೈದು ಲೀಟರಿನಷ್ಟು ಆರ್ಗಾನ್ ಹರಿಸಿ, ಸುತ್ತ ತಾಮ್ರದ ಸುರುಳಿಯಲ್ಲಿ ರೇಡಿಯೊ ತರಂಗ ಕೊಟ್ಟರೆ ಅನಿಲ 6,000ದಿಂದ 10,000 ಕೆಲ್ವಿನ್ ಬಿಸಿಯಾಗಿ ಬೆಳ್ಳಗೆ ಉರಿಯುತ್ತದೆ. ಸೀರಮನ್ನು ತೆಳುಮಾಡಿ ಮಂಜಿನಂತೆ ಇದರೊಳಗೆ ಊದುತ್ತೇವೆ. ಪ್ರೋಟೀನು, ಕೊಬ್ಬು, ಉಪ್ಪು ಎಲ್ಲ ಚೂರುಚೂರಾಗಿ ಪರಮಾಣುಗಳಾಗುತ್ತವೆ. ಲೋಹಗಳ ಪರಮಾಣುಗಳು ಒಂದೊಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ನಿಕಲ್ ಶಂಕುವಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರ್ ರಂಧ್ರದ ಮೂಲಕ ಅವು ನಿರ್ವಾತಕ್ಕೆ ನುಗ್ಗುತ್ತವೆ. ಅಲ್ಲಿ ನಾಲ್ಕು ಸರಳುಗಳ ವಿದ್ಯುತ್ ಕ್ಷೇತ್ರ ಒಂದು ಹೊತ್ತಿಗೆ ಒಂದೇ ದ್ರವ್ಯರಾಶಿಗೆ ದಾರಿ ಬಿಡುತ್ತದೆ, ಕೊನೆಯಲ್ಲಿ ಡಿಟೆಕ್ಟರ್ ಒಂದೊಂದಾಗಿ ಎಣಿಸುತ್ತದೆ. 1980ರಲ್ಲಿ ಅಮೆರಿಕದ ಅಯೋವಾದ ಏಮ್ಸ್ ಪ್ರಯೋಗಾಲಯದ ರಾಬರ್ಟ್ ಹೌಕ್, ವೆಲ್ಮರ್ ಫ್ಯಾಸೆಲ್ ಮತ್ತು ಸಂಗಡಿಗರು ಈ ಜೋಡಣೆಯನ್ನು ಪ್ರಕಟಿಸಿದರು. ಮೂರು ವರ್ಷದಲ್ಲಿ ಮಾರಾಟದ ಯಂತ್ರವೂ ಬಂತು. ಹೆಸರು ಐಸಿಪಿ-ಎಂಎಸ್, ಅಂದರೆ ಇಂಡಕ್ಟಿವ್ಲಿ ಕಪಲ್ಡ್ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೆಟ್ರಿ.

ಸೀರಮನ್ನು ಹಾಗೆಯೇ ಊದಿದರೆ ಶಂಕುವಿನ ರಂಧ್ರ ಬೇಗನೆ ಕಟ್ಟಿಕೊಳ್ಳುತ್ತದೆ. ಲೀಟರಿನಲ್ಲಿ ಎಪ್ಪತ್ತು ಗ್ರಾಂ ಪ್ರೋಟೀನು, ಮೇಲೆ ಉಪ್ಪು. ಯಂತ್ರ ನೆಮ್ಮದಿಯಾಗಿ ತಾಳುವುದು ನೂರಕ್ಕೆ 0.2ರಷ್ಟು ಘನಾಂಶ. ಆ ಲೆಕ್ಕದಲ್ಲಿ ಐವತ್ತು ಪಟ್ಟು ತೆಳುಮಾಡಬೇಕು. ಹಾಗೆ ಮಾಡಿದರೆ ಕ್ರೋಮಿಯಮ್ ಮೊದಲೇ ಇಲ್ಲದಂತಿತ್ತು, ಈಗ ಪೂರ್ತಿ ಕಾಣೆ. ಆದ್ದರಿಂದ ಇಪ್ಪತ್ತರ ಹತ್ತಿರ ರಾಜಿಯಾಗಿ, ಶಂಕುಗಳನ್ನು ಆಗಾಗ ಉಜ್ಜುತ್ತೇವೆ. ಆಮ್ಲದಲ್ಲಿ ತೆಳುಮಾಡಿದರೆ ಪ್ರೋಟೀನು ಒಡೆದ ಹಾಲಿನಂತೆ ಗಂಟುಕಟ್ಟುವ ಭಯ. ನಾವು ಬಳಸುವುದು ಕ್ಷಾರದ ದ್ರಾವಣ: ಅಮೋನಿಯ, ಲೋಹಗಳನ್ನು ಹಿಡಿದಿಡಲು ಇಡಿಟಿಎ, ಸಾಬೂನಿನ ಕೆಲಸಕ್ಕೆ ಟ್ರೈಟಾನ್, ಜೊತೆಗೆ ತುಸು ಬ್ಯೂಟನಾಲ್.

ಬ್ಯೂಟನಾಲ್ ಏಕೆ? ಯಂತ್ರದ ಪ್ಲಾಸ್ಮಾದಲ್ಲಿ ಇಂಗಾಲವಿದ್ದರೆ ಸೆಲೆನಿಯಮ್, ಆರ್ಸೆನಿಕ್‌ಗಳು ಹೆಚ್ಚು ಅಯಾನಾಗುತ್ತವೆ. ಸೀರಮಿನಲ್ಲಿ ಇಂಗಾಲವಿದೆ, ಹೋಲಿಕೆಗೆಂದು ಗೊತ್ತಿರುವ ಪ್ರಮಾಣದಲ್ಲಿ ನೀರಿನಲ್ಲಿ ಕಲಸಿದ ಸ್ಟ್ಯಾಂಡರ್ಡಿನಲ್ಲಿ ಇಲ್ಲ. ಹೋಲಿಸಿದರೆ ಸೀರಮಿನ ಸೆಲೆನಿಯಮ್ ಸುಮ್ಮನೆ ಹೆಚ್ಚು ಕಾಣುತ್ತದೆ. ಎಲ್ಲಕ್ಕೂ ಒಂದೇ ಸಮನೆ ಇಂಗಾಲ ಸುರಿದುಬಿಟ್ಟರೆ ಆ ತಾರತಮ್ಯ ಮುಗಿಯಿತು. ಆದರೆ ಪರಮಾಣುವಿನ ದ್ರವ್ಯರಾಶಿಯ ಲೆಕ್ಕದಲ್ಲಿ ಆರ್ಗಾನ್ 40, ಇಂಗಾಲ 12, ಕೂಡಿದರೆ 52. ಕ್ರೋಮಿಯಮ್ಮನ್ನು ನಾವು ನೋಡುವುದೂ 52ರಲ್ಲೇ. ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ವಿಷ.

ಈ ಕೂಡಿಕೆಯ ಲೆಕ್ಕವೇ ನನ್ನ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ, ತಲೆನೋವೂ ಅದೇ. ಯಂತ್ರಕ್ಕೆ ಹೆಸರು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಆರ್ಸೆನಿಕ್ 75 ಎಂದು ಕೇಳಿದರೆ ಸೀರಮಿನ ಕ್ಲೋರಿನ್ 35 ಆರ್ಗಾನ್ 40ರ ಕೈಹಿಡಿದು ಬಂದು ಹಾಜರಿ ಹೇಳುತ್ತದೆ. ತಾಮ್ರ 63ಕ್ಕೆ ಆರ್ಗಾನ್ ಮತ್ತು ಸೋಡಿಯಮ್ ಜೋಡಿ. ತಾಮ್ರ ಧಾರಾಳವಿರುವುದರಿಂದ ಅಲ್ಲಿ ಅಷ್ಟು ಕಾಟವಿಲ್ಲ. ಕಬ್ಬಿಣ 56ಕ್ಕೆ ಆರ್ಗಾನ್ ಮತ್ತು ಆಮ್ಲಜನಕ. ಸೆಲೆನಿಯಮ್ಮಿನ ಅರ್ಧದಷ್ಟು ಪಾಲು ಇರುವ 80ರ ಜಾಗದಲ್ಲಂತೂ ಎರಡು ಆರ್ಗಾನ್‌ಗಳು ತಬ್ಬಿಕೊಂಡು ಕೂತಿರುತ್ತವೆ. ಇಂಥ ಜೋಡಿಗಳನ್ನು ಒಂದು ಹೀಲಿಯಮ್ ತುಂಬಿದ ಕೋಶದ ಮೂಲಕ ಹಾಯಿಸಿದರೆ, ಮೈ ದೊಡ್ಡದಾದ್ದರಿಂದ ಅವು ಹೆಚ್ಚು ಡಿಕ್ಕಿ ಹೊಡೆದು ಸುಸ್ತಾಗುತ್ತವೆ. ಕೋಶದಾಚೆ ಸಣ್ಣದೊಂದು ವಿದ್ಯುತ್ ತಡೆ ಇಟ್ಟರೆ ಒಂಟಿ ಪರಮಾಣು ದಾಟುತ್ತದೆ, ಜೋಡಿ ಅಲ್ಲೇ ಉಳಿಯುತ್ತದೆ.

ಹೀಲಿಯಮ್ ಇದೆ ಎಂದು ನಾವು ನಿಶ್ಚಿಂತೆಯಿಂದಿದ್ದ ಕಾಲದಲ್ಲಿ ಒಬ್ಬರ ಸೆಲೆನಿಯಮ್ 410 ಬಂತು. ಇರಬೇಕಾದ್ದು 70ರಿಂದ 150. ಅಷ್ಟಿದ್ದರೆ ಕೂದಲು, ಉಗುರು ಏನಾದರೂ ಹೇಳಬೇಕಿತ್ತು, ರೋಗಿ ಚೆನ್ನಾಗಿದ್ದರು. ಟ್ಯೂಬು ಸರಿಯಿತ್ತು. ಹಿಂದಿನ ದಿನ ಅವರಿಗೆ ಎಂಆರ್‌ಐ ಆಗಿತ್ತು ಎಂದು ತಿಳಿದದ್ದು ಆಮೇಲೆ. ಎಂಆರ್‌ಐಗೆ ಮುನ್ನ ಚುಚ್ಚುವ ಕಾಂಟ್ರಾಸ್ಟ್ ದ್ರವದಲ್ಲಿ ಗ್ಯಾಡೊಲಿನಿಯಮ್ ಇರುತ್ತದೆ. ಅದರ ಪರಮಾಣು ಎರಡನೇ ಎಲೆಕ್ಟ್ರಾನನ್ನೂ ಸುಲಭವಾಗಿ ಕಳೆದುಕೊಳ್ಳುತ್ತದೆ. ಯಂತ್ರ ಅಳೆಯುವುದು ದ್ರವ್ಯರಾಶಿಯನ್ನು ಆವೇಶದಿಂದ ಭಾಗಿಸಿದ ಸಂಖ್ಯೆ, ಆದ್ದರಿಂದ 156ರ ಗ್ಯಾಡೊಲಿನಿಯಮ್ ಎರಡು ಆವೇಶ ಹೊತ್ತು 78 ಎಂದು ತೋರುತ್ತದೆ. ನಾವು ಸೆಲೆನಿಯಮ್ ನೋಡುತ್ತಿದ್ದದ್ದು ಅಲ್ಲೇ. ಅದು ಜೋಡಿಯಲ್ಲ, ಒಂಟಿ ಪರಮಾಣು; ಹೀಲಿಯಮ್ ಕೋಶ ಅದನ್ನು ಸರಿಯಾಗಿ ತಡೆಯದು.

ಅದನ್ನು ಹಿಡಿಯಲು ಒಂದು ಚೆಂದದ ಉಪಾಯವಿದೆ. ಗ್ಯಾಡೊಲಿನಿಯಮ್ಮಿಗೆ 155, 157ರ ಬೆಸ ಐಸೊಟೋಪುಗಳೂ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಇವೆ. ಅವನ್ನು ಎರಡರಿಂದ ಭಾಗಿಸಿದರೆ 77.5, 78.5. ಒಂದೇ ಆವೇಶದ ಯಾವ ಅಯಾನೂ ಆ ಅರ್ಧದ ಜಾಗದಲ್ಲಿ ಕೂರುವುದಿಲ್ಲ. ಯಂತ್ರದ ನಕ್ಷೆಯ ಶಿಖರಗಳನ್ನು ಸ್ವಲ್ಪ ಕಿರಿದು ಮಾಡಿ 77.5ರಲ್ಲಿ ನೋಡಿದೆವು, ಎಣಿಕೆ ಬಂತು, ಕಳ್ಳ ಸಿಕ್ಕಿಬಿದ್ದ. 2012ರ ನಂತರ ಬಂದ ಟ್ರಿಪಲ್ ಕ್ವಾಡ್ರುಪೋಲ್ ಯಂತ್ರಗಳಲ್ಲಿ (ಕೋಶದ ಹಿಂದೆಯೂ ಮುಂದೆಯೂ ದ್ರವ್ಯರಾಶಿಯ ಜರಡಿ ಇರುವಂಥವು) ದಾರಿ ಇನ್ನೂ ಸಲೀಸು. ಮೊದಲು 78ನ್ನು ಮಾತ್ರ ಒಳಗೆ ಬಿಟ್ಟು, ಕೋಶದಲ್ಲಿ ಆಮ್ಲಜನಕ ಕೊಟ್ಟರೆ ಸೆಲೆನಿಯಮ್ ಅದನ್ನು ಹಿಡಿದು 94ಕ್ಕೆ ಜಿಗಿಯುತ್ತದೆ. ಅಲ್ಲಿ ಎಣಿಸಿದರಾಯಿತು. ಅಂಥ ಯಂತ್ರವಿರಲಿ ಬಿಡಲಿ, ಕಾಂಟ್ರಾಸ್ಟ್ ಕೊಟ್ಟ ಮೇಲೆ 96 ಗಂಟೆ ರಕ್ತ ತೆಗೆಯಬೇಡಿ ಎನ್ನುವುದು ಎಲ್ಲಕ್ಕಿಂತ ಅಗ್ಗದ ಪರಿಹಾರ.

ಉಳಿದ ಕಾವಲುಗಳು ನೀರಸ. ರಕ್ತದಲ್ಲಿ ಸಾಮಾನ್ಯವಾಗಿ ಕಾಣಸಿಗದ ರೋಡಿಯಮ್, ಯಿಟ್ರಿಯಮ್ ಅಂಥವನ್ನು ಎಲ್ಲ ಮಾದರಿಗೂ ಸಮನಾಗಿ ಬೆರೆಸಿ, ಅವುಗಳ ಸಂಕೇತ ಕುಗ್ಗಿದಷ್ಟನ್ನು ಲೆಕ್ಕದಲ್ಲಿ ಸರಿಪಡಿಸುವುದು; ಲೋಹಗಳ ಮಟ್ಟ ಮೊದಲೇ ಪ್ರಮಾಣೀಕರಿಸಿದ ಸೀರಮನ್ನು ದಿನವೂ ಓಡಿಸುವುದು; ಬ್ಲ್ಯಾಂಕಿನ (ಮಾದರಿ ಬೆರೆಸದ ಖಾಲಿ ದ್ರಾವಣ) ಅಂಕಿ ಏರಿದ ದಿನ ಕ್ರೋಮಿಯಮ್ ವರದಿ ಕೊಡದಿರುವುದು. ಕೊನೆಯದಕ್ಕೆ ಧೈರ್ಯ ಬೇಕು.

ಇಷ್ಟೆಲ್ಲ ಸೋಸಿದ ಮೇಲೆ ಅಂಕಿ ರೋಗಿಯದ್ದೇ ಎಂದು ಖಾತ್ರಿಯಾಯಿತೆನ್ನಿ. ಆಗ ಇನ್ನೊಂದು ತಕರಾರು ಶುರು. ದೇಹದಲ್ಲಿ ಒಟ್ಟು ಎರಡು ಗ್ರಾಮಿನಷ್ಟು ಸತುವಿದೆ, ರಕ್ತದ ಪ್ಲಾಸ್ಮಾದಲ್ಲಿರುವುದು ಅದರ ಸಾವಿರದಲ್ಲೊಂದು ಪಾಲು. ಜ್ವರವೋ ಸೋಂಕೋ ಬಂದರೆ ಯಕೃತ್ತು ಆ ಚೂರನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ, ಸೀರಮಿನ ಸತು ಇಳಿಯುತ್ತದೆ. ಸೆಲೆನಿಯಮ್ಮೂ ಇಳಿಯುತ್ತದೆ. ತಾಮ್ರ ಮಾತ್ರ ಏರುತ್ತದೆ, ಅದನ್ನು ಹೊರುವ ಸೆರುಲೋಪ್ಲಾಸ್ಮಿನ್ ಉರಿಯೂತದಲ್ಲಿ ಹೆಚ್ಚುವುದರಿಂದ. ಉರಿಯೂತವನ್ನು ಸೂಚಿಸುವ ರಕ್ತದ ಪ್ರೋಟೀನು ಸಿಆರ್‌ಪಿ ಲೀಟರಿಗೆ 20 ಮಿಲಿಗ್ರಾಂ ದಾಟಿದ್ದರೆ ಕಡಿಮೆ ಸತುವಿನ ಎದುರು ‘ಕೊರತೆ’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಊಟವಾದ ಮೇಲೆ ತೆಗೆದ ರಕ್ತದಲ್ಲೂ ಸತು ಇಳಿದಿರುತ್ತದೆ. ವಿಲ್ಸನ್ ಕಾಯಿಲೆಯಲ್ಲಿ ಯಕೃತ್ತಿನಲ್ಲಿ ತಾಮ್ರ ತುಂಬಿ ತುಳುಕುತ್ತಿದ್ದರೂ ಸೀರಮಿನ ಒಟ್ಟು ತಾಮ್ರ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಅದನ್ನು ನೋಡಿ ತಾಮ್ರದ ಮಾತ್ರೆ ಬರೆದರೆ ಬೆಂಕಿಗೆ ತುಪ್ಪ ಸುರಿದಂತೆ.

ಸೀಸ ಕೇಳಿ ಸೀರಮ್ ಕಳಿಸುವವರೂ ಇದ್ದಾರೆ. ರಕ್ತದ ಸೀಸದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಇರುವುದು ಕೆಂಪು ಕಣಗಳಲ್ಲಿ. ಸೆಂಟ್ರಿಫ್ಯೂಜ್ ಮಾಡಿ ಅವನ್ನೇ ಎಸೆದು ಉಳಿದದ್ದನ್ನು ನಮಗೆ ಕೊಟ್ಟರೆ ನಾವೇನು ಅಳೆಯೋಣ? ಅದಕ್ಕೆ ಇಡೀ ರಕ್ತ ಬೇಕು. ‘ಎಲ್ಲ ಲೋಹಗಳು’ ಎಂದು ಒಂದೇ ಸಾಲು ಬರೆದು ಬರುವ ಕೋರಿಕೆಗಳ ಬಗ್ಗೆ ನನಗಿರುವ ಸಿಟ್ಟಿಗೆ ಬೇರೆಯದೇ ಅಂಕಣ ಬೇಕಾದೀತು.

ಸತುವಿನ ಆ ಮೂರು ಟ್ಯೂಬು, ಸೆಲೆನಿಯಮ್ಮಿನ ಆ 410 ಆದಮೇಲೆ ನಮ್ಮ ಕೋರಿಕೆಯ ಫಾರಮಿಗೆ ನಾಲ್ಕು ಸಾಲು ಸೇರಿಸಿದೆವು: ಯಾವ ಬಣ್ಣದ ಮುಚ್ಚಳ, ಎಷ್ಟು ಹೊತ್ತಿಗೆ ತೆಗೆದದ್ದು, ಕಳೆದ ನಾಲ್ಕು ದಿನದಲ್ಲಿ ಕಾಂಟ್ರಾಸ್ಟ್ ಕೊಟ್ಟಿದ್ದಾರೆಯೇ, ಸಿಆರ್‌ಪಿ ಎಷ್ಟು. ಹತ್ತರಲ್ಲಿ ಏಳು ಫಾರಮ್ಮಿನಲ್ಲಿ ಈ ಸಾಲುಗಳು ಖಾಲಿಯೇ ಬರುತ್ತವೆ. ಬೆಳಿಗ್ಗೆ ಆರ್ಗಾನ್ ಹೊತ್ತಿಸಿ, ಯಂತ್ರ ಬಿಸಿಯಾಗುವ ಅರ್ಧ ಗಂಟೆ ನಾನು ಫೋನ್ ಹಿಡಿದು ಕೂರುತ್ತೇನೆ.